ಪ್ರಣಯ ಕಾದಂಬರಿಗಳನ್ನು ಕಪಾಟಿನಿಂದ ಇಳಿಸುವ ಮುನ್ನ: ಗ್ರಂಥಾಲಯ ಇಲಾಖೆಗೊಂದು ಬಹಿರಂಗ ಪತ್ರ

ಸಾರ್ವಜನಿಕ ಗ್ರಂಥಾಲಯ ಇಲಾಖೆಯ ನಿರ್ದೇಶಕರಿಗೆ, ಪುಸ್ತಕ ಆಯ್ಕೆ ಸಮಿತಿಯ ಸದಸ್ಯರಿಗೆ ಹಾಗೂ ಕಲಬುರಗಿ ಜಿಲ್ಲೆಯ ಓದುಗರಿಗೆ,

ಮಾನ್ಯರೇ,

ಪ್ರಣಯ ಕಾದಂಬರಿಗಳಲ್ಲಿ ಹಸಿಬಿಸಿ ವರ್ಣನೆ ಹೆಚ್ಚುತ್ತಿದೆ, ಆದ್ದರಿಂದ ಇಂಥ ಪುಸ್ತಕಗಳನ್ನು ಸರ್ಕಾರಿ ಗ್ರಂಥಾಲಯಗಳಿಗೆ ಕೊಳ್ಳಬಾರದು, ಈಗಾಗಲೇ ಬಂದಿರುವುದನ್ನೂ ಕಪಾಟಿನಿಂದ ಇಳಿಸಬೇಕು ಎಂಬ ಮಾತು ನಮ್ಮ ಕಲಬುರಗಿಯಲ್ಲಿ ಈಚೆಗೆ ಆಗಾಗ ಕಿವಿಗೆ ಬೀಳುತ್ತಿದೆ. ಪದವಿ ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ನಾನು ಈ ಮಾತನ್ನು ಆಡುವವರಲ್ಲಿ ಕೆಲವರನ್ನು ಹತ್ತಿರದಿಂದ ಬಲ್ಲೆ. ಅವರು ಪುಸ್ತಕವೆಂದರೆ ಮೂಗು ಮುರಿಯುವ ಜನವಲ್ಲ. ಹೆಚ್ಚಿನವರು ಹದಿಹರೆಯದ ಮಕ್ಕಳ ತಂದೆತಾಯಿಗಳು. ಅವರ ಆತಂಕದಲ್ಲಿ ಅರ್ಧ ನಿಜವಿದೆಯೆಂದು ಒಪ್ಪಿಕೊಂಡೇ, ಅವರು ಹಿಡಿದಿರುವ ಅಳತೆಗೋಲು ಮಾತ್ರ ಸರಿಯಿಲ್ಲವೆಂದು ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ಕಥೆಯಲ್ಲಿ ಮಲಗುವ ಕೋಣೆಯ ಬಾಗಿಲು ಎಷ್ಟು ತೆರೆದಿದೆ ಎಂದು ನೋಡುವ ಮೊದಲು, ಆ ಕೋಣೆಯೊಳಗೆ ಹೆಣ್ಣು ತನ್ನ ಇಚ್ಛೆಯಿಂದ ಕಾಲಿಟ್ಟಿದ್ದಾಳೆಯೇ ಎಂದು ನೋಡಿ ಪುಸ್ತಕವನ್ನು ಆರಿಸಬೇಕೆಂಬುದು ನನ್ನ ಬಿನ್ನಹ.

ಈ ಬಗೆಯ ಬರಹ ಜನಪ್ರಿಯವಾಗುತ್ತಿದೆ ಎಂಬುದರಲ್ಲಿ ವಾದವಿಲ್ಲ. ಇ.ಎಲ್. ಜೇಮ್ಸ್ ಎಂಬ ಇಂಗ್ಲಿಷ್ ಲೇಖಕಿ ಮೊದಲು ಅಂತರ್ಜಾಲದಲ್ಲಿ ಬಿಡಿಬಿಡಿಯಾಗಿ ಬರೆದು, 2011ರಲ್ಲಿ ಪುಸ್ತಕವಾಗಿ ಹೊರತಂದ ಪ್ರಣಯ ಕಾದಂಬರಿ ಮತ್ತು ಅದರ ಮುಂದಿನ ಭಾಗಗಳು ಲೋಕದಾದ್ಯಂತ 15 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದವು. ಅವುಗಳ ಮೊದಲ ಅಲೆ ಎದ್ದದ್ದು ಇ-ಪುಸ್ತಕಗಳ ಮೂಲಕ. ರೈಲಿನಲ್ಲಿ ಎದುರಿಗೆ ಕುಳಿತವರಿಗೆ ಮುಖಪುಟ ಕಾಣದ ಸಾಧನ ಕೈಗೆ ಬಂದ ಮೇಲೆ, ಓದಲು ಮುಜುಗರಪಡುತ್ತಿದ್ದವರೆಲ್ಲ ನಿಶ್ಚಿಂತೆಯಿಂದ ಓದತೊಡಗಿದರು. ಆಮೇಲೆ ಸಣ್ಣ ಸಣ್ಣ ವಿಡಿಯೊಗಳಲ್ಲಿ ಪುಸ್ತಕಗಳನ್ನು ಪರಿಚಯಿಸುವ ಹೊಸ ಪೀಳಿಗೆ ಹುಟ್ಟಿಕೊಂಡಿತು. ಅದರಲ್ಲಿ ಎಷ್ಟೋ ಜನ ಕಾದಂಬರಿಯಲ್ಲಿನ ಶೃಂಗಾರದ ಪ್ರಮಾಣವನ್ನು ಮೆಣಸಿನಕಾಯಿಯ ಚಿತ್ರಗಳನ್ನು ಎಣಿಸಿ ತೋರಿಸುತ್ತಾರೆ. ಊಟಕ್ಕೆ ಕುಳಿತಾಗ ಖಾರದ ಚಟ್ನಿಪುಡಿಯನ್ನೇ ಮೊದಲು ಹುಡುಕುವ ನಮ್ಮ ಕಡೆಯವರಿಗೆ ಆ ಲೆಕ್ಕ ಬೇಗ ತಿಳಿಯುತ್ತದೆ.

ಕನ್ನಡದಲ್ಲಿ ಈ ಬದಲಾವಣೆ ಬಂದ ದಾರಿ ಸ್ವಲ್ಪ ಬೇರೆ. 2016ರ ನಂತರ ಮೊಬೈಲ್ ಡೇಟಾ ಅಗ್ಗವಾಯಿತು. ಕಥೆ ಓದುವ ಆ್ಯಪ್‌ಗಳು ಕನ್ನಡಕ್ಕೂ ಬಂದವು. ಅಚ್ಚಿನ ಪ್ರಕಾಶಕರ ಮನೆಬಾಗಿಲನ್ನು ಎಂದೂ ತಟ್ಟದ ಗೃಹಿಣಿಯರು, ನರ್ಸ್‌ಗಳು, ಅಂಗಡಿಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಅಡ್ಡಹೆಸರಿಟ್ಟುಕೊಂಡು ಧಾರಾವಾಹಿಗಳನ್ನು ಬರೆಯಲು ಶುರುಮಾಡಿದರು. ಇಂಥ ಆ್ಯಪ್‌ಗಳಲ್ಲಿ ಮೊದಲ ಕೆಲವು ಅಧ್ಯಾಯಗಳನ್ನು ಬಿಟ್ಟಿಯಾಗಿ ಓದಬಹುದು. ಒಂದು ಘಟ್ಟದ ಮೇಲೆ ಮುಂದಿನ ಅಧ್ಯಾಯಕ್ಕೆ ಬೀಗ ಬೀಳುತ್ತದೆ, ನಾಣ್ಯ ಕೊಂಡು ತೆರೆಯಬೇಕು, ಇಲ್ಲವೇ ಮರುದಿನದವರೆಗೆ ಕಾಯಬೇಕು. ಬೀಗ ಬೀಳುವ ಅಧ್ಯಾಯ ಯಾವುದಾಗಬೇಕೆಂದು ಹೇಳಲು ವ್ಯಾಪಾರದ ಪಾಠ ಓದಬೇಕಿಲ್ಲ. ನಾಯಕ ಚಿಲಕ ಹಾಕುವಲ್ಲಿಗೆ ಕಂತು ಮುಗಿದರೆ ಕೆಳಗೆ ‘ಮುಂದಿನ ಭಾಗ ಬೇಗ ಹಾಕಿ’ ಎಂಬ ಬೇಡಿಕೆಗಳ ಸಾಲೇ ನೆರೆಯುತ್ತದೆ. ಹೀಗೆ ಓದುಗರ ಮೆಚ್ಚುಗೆ ಪಡೆದ ಧಾರಾವಾಹಿಗಳು ಪುಸ್ತಕವಾಗಿ ಬಂದರೆ ತಮ್ಮ ಸಮಿತಿಯ ಮೇಜಿನ ಮೇಲೂ ಬರುತ್ತವೆ. ಸಗಟು ಖರೀದಿಯಲ್ಲಿ ಇಲಾಖೆ ಕೊಳ್ಳುವ 300 ಪ್ರತಿಗಳ ಮೇಲೆಯೇ ಕನ್ನಡದ ಎಷ್ಟೋ ಪುಸ್ತಕಗಳ ಅಳಿವು ಉಳಿವು ನಿಂತಿರುವುದರಿಂದ, ತಾವು ಯಾವ ಅಳತೆಗೋಲು ಹಿಡಿಯುತ್ತೀರಿ ಎಂಬುದು ಲೇಖಕಿಯರು ಏನು ಬರೆಯುತ್ತಾರೆ ಎಂಬುದನ್ನೂ ತಿದ್ದುತ್ತದೆ.

ನಮ್ಮ ಬಡಾವಣೆಯ ಕೆಲವು ಹೆಣ್ಣುಮಕ್ಕಳು ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಸೇರಿ, ತಾವು ಓದಿದ್ದನ್ನು ಮಾತಾಡುತ್ತಾರೆ. ಅವರಲ್ಲೊಬ್ಬಳು ತೊಗರಿಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುವವಳು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಒಂದು ಕಂತು ಓದದಿದ್ದರೆ ಅವಳಿಗೆ ಅನ್ನ ಇಳಿಯುವುದಿಲ್ಲವಂತೆ. ಅವಳು ಮೆಚ್ಚಿದ ಒಂದು ಕಥೆಯಲ್ಲಿ ದೊಡ್ಡ ಕಂಪನಿಯ ಮಾಲೀಕನಾದ ನಾಯಕ ಸಾಲದ ನೆಪದಲ್ಲಿ ಬಡ ಹುಡುಗಿಯನ್ನು ಬಲವಂತವಾಗಿ ಮದುವೆಯಾಗುತ್ತಾನೆ, ಅನುಮಾನಪಟ್ಟು ಹೊಡೆಯುತ್ತಾನೆ. ಹುಡುಗಿ ಮತ್ತೆ ಮತ್ತೆ ‘ಬೇಡ’ ಎನ್ನುತ್ತಾಳೆ. ಅವಳ ಕಣ್ಣು ಬೇರೇನನ್ನೋ ಹೇಳುತ್ತಿತ್ತು ಎಂದು ಬರೆದು ಲೇಖಕಿ ದೀಪ ಆರಿಸಿಬಿಡುತ್ತಾರೆ. ಮೈಯ ವರ್ಣನೆ ಒಂದು ಸಾಲೂ ಇಲ್ಲ. ‘ಮೇಡಂ, ಇವ ಭಾಳ ಛಲೋ ಹೀರೋ ನೋಡ್ರಿ, ಹೊಡದ ಮ್ಯಾಲ ತಾನೇ ಬಂದು ಮುಲಾಮು ಹಚ್ತಾನ’ ಎಂದು ಅವಳು ಹೇಳಿದಾಗ, ಅಲ್ಲೇ ಗೋಡೆಗೆ ಒರಗಿ ಕುಳಿತಿದ್ದ ಹಿರಿಯಾಕೆಯೊಬ್ಬರು, ‘ಹೊಡಿಯಾಂವ ಮುಲಾಮು ಹಚ್ಚೂದು ನಮ್ಮನ್ಯಾಗೂ ನೋಡೀನವ್ವ. ಅದು ಪ್ರೀತಿ ಅಲ್ಲ, ಪೊಲೀಸರ ಅಂಜಿಕಿ’ ಎಂದರು. ನಾನು ಕಾಲೇಜಿನಲ್ಲಿ ಮಾಡಿದ ವಿಮರ್ಶೆಯ ಪಾಠಗಳಲ್ಲಿ ಇಷ್ಟು ನೇರವಾದ ಮಾತು ಇತ್ತೇ ಎಂದು ನನಗೆ ಸಂದೇಹವಿದೆ.

ಅದೇ ಗುಂಪಿನಲ್ಲಿ ಓದಿದ ಇನ್ನೊಂದು ಕಥೆ ನಲವತ್ತು ದಾಟಿದ ವಿಧವೆಯದು. ಅವಳು ಮತ್ತು ಅವಳನ್ನು ಮೆಚ್ಚಿದ ಶಾಲಾ ಮಾಸ್ತರರು ಮೊದಲ ಸಲ ಕೂಡುವ ರಾತ್ರಿಯನ್ನು ಲೇಖಕಿ ಪುಟಗಟ್ಟಲೆ, ಯಾವ ಮರೆಯೂ ಇಲ್ಲದೆ ಬರೆದಿದ್ದಾರೆ. ಹೆರಿಗೆಯ ಆಪರೇಶನ್ನಿನ ಗಾಯದ ಕಲೆಯನ್ನು ಅವಳು ಸೆರಗಿನಿಂದ ಮುಚ್ಚಿಕೊಳ್ಳುವುದು, ಮುಂದುವರಿಯಲೇ ಎಂದು ಅವರು ಕೇಳುವುದು, ಅವಳು ಸ್ವಲ್ಪ ತಡೆದು ದೀಪ ಉರಿಯುತ್ತಿರಲಿ ಎನ್ನುವುದು, ನಡುವೆ ಮಂಚ ಕಿರುಗುಟ್ಟಿ ಇಬ್ಬರಿಗೂ ನಗು ಬರುವುದು, ಎಲ್ಲವೂ ಅಲ್ಲಿವೆ. ಈಗ ಕೇಳಿಬರುತ್ತಿರುವ ಬೇಡಿಕೆಯಂತೆ ನಡೆದರೆ ಈ ಎರಡನೆಯ ಕಥೆ ಗ್ರಂಥಾಲಯದಿಂದ ಹೊರಗೆ ಹೋಗುತ್ತದೆ, ಮೊದಲನೆಯದು ‘ಕುಟುಂಬ ಸಮೇತ ಓದಬಹುದಾದ ಸಾಂಸಾರಿಕ ಕಾದಂಬರಿ’ ಎಂಬ ಬೆನ್ನುಡಿ ಹೊತ್ತು ಒಳಗೆ ಬರುತ್ತದೆ. ನನ್ನ ತಕರಾರು ಇರುವುದು ಇಲ್ಲಿಯೇ.

ಹಿಂದಿನ ಕಾದಂಬರಿಗಳು ಶುದ್ಧವಾಗಿದ್ದವು ಎಂದು ವಾದಿಸುವವರು ಉಂಟು. ಗುಲ್ಬರ್ಗದಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳಿದ್ದ ಕಾಲದಲ್ಲಿ, ವಾರಪತ್ರಿಕೆಯ ಧಾರಾವಾಹಿಗಾಗಿ ಮನೆಮಂದಿಯೆಲ್ಲ ಕಾಯುತ್ತಿದ್ದ ಕಾಲದಲ್ಲಿ ಬೆಳೆದವಳು ನಾನು. ತ್ರಿವೇಣಿಯವರು ಹೆಣ್ಣಿನ ಮನಸ್ಸಿನ ಕತ್ತಲ ಮೂಲೆಗಳನ್ನು ಬರೆದು ತೋರಿದ್ದನ್ನೂ, ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರು ‘ದಾಂಪತ್ಯ ದೀಪಿಕೆ’ಯಂಥ ಪುಸ್ತಕದಲ್ಲಿ ಗಂಡಹೆಂಡಿರ ಸಂಬಂಧವನ್ನು ಸಂಕೋಚವಿಲ್ಲದೆ ವಿವರಿಸಿದ್ದನ್ನೂ ಗೌರವದಿಂದ ನೆನೆಯುತ್ತೇನೆ. ಆದರೆ ಆಗಿನ ಸಾಮಾನ್ಯ ಜನಪ್ರಿಯ ಕಾದಂಬರಿಗಳಲ್ಲಿ ಕೆನ್ನೆಗೆ ಬಾರಿಸುವ ನಾಯಕ ಧಾರಾಳವಾಗಿ ಸಿಗುತ್ತಿದ್ದ. ಕೆಡಿಸಿದವನನ್ನೇ ಕಟ್ಟಿಕೊಂಡು ಬಾಳು ಹಸನು ಮಾಡಿಕೊಂಡ ನಾಯಕಿಯೂ ಸಿಗುತ್ತಿದ್ದಳು. ಮುತ್ತಿನ ಜಾಗದಲ್ಲಿ ಮೂರು ಚುಕ್ಕಿ ಇಟ್ಟು ಮುಂದಿನ ಅಧ್ಯಾಯದಲ್ಲಿ ಬೆಳಗು ಮಾಡುತ್ತಿದ್ದುದರಿಂದ ಅವು ಶುದ್ಧವೆನಿಸಿಕೊಂಡವು, ಅಷ್ಟೇ.

ಅದೇ ಕಾಲದಲ್ಲಿ ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಪುಸ್ತಕದಂಗಡಿಯಲ್ಲಿ ಪಿನ್ನು ಹೊಡೆದು, ಹಾಳೆಗಳನ್ನು ತಿರುವದಂತೆ ಮಾಡಿ ಮಾರುತ್ತಿದ್ದ ಪೋಲಿ ಪತ್ರಿಕೆಗಳೂ ಇದ್ದವು. ಅವನ್ನು ಕೊಳ್ಳುತ್ತಿದ್ದವರು ಗಂಡಸರು. ಸಂಸ್ಕೃತಿ ಹಾಳಾಯಿತೆಂದು ಆಗ ಇಷ್ಟು ಗದ್ದಲವಾದ ನೆನಪು ನನಗಿಲ್ಲ. ಹೆಂಗಸರು ಹೆಂಗಸರಿಗಾಗಿ ಬರೆಯತೊಡಗಿದ ಮೇಲೆ, ಬಯಸುವವಳು ನಾಯಕಿಯೇ ಆದ ಮೇಲೆ, ಗದ್ದಲ ಎದ್ದಿದೆ.

ಶೃಂಗಾರ ಹೊರಗಿನಿಂದ ಬಂದ ಪಿಡುಗು ಎನ್ನುವವರಿಗೆ ನಾವು ಎಲ್ಲಿ ಕುಳಿತು ಮಾತಾಡುತ್ತಿದ್ದೇವೆ ಎಂಬುದನ್ನು ನೆನಪಿಸಬೇಕಾಗಿದೆ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಕವಿರಾಜಮಾರ್ಗ ಹುಟ್ಟಿದ ಆಸ್ಥಾನ ಅಲ್ಲಿಯದು. ಈ ಜಿಲ್ಲೆಯಲ್ಲಿ ಯಾವ ಸಾಹಿತ್ಯ ಸಭೆಯ ಸ್ವಾಗತ ಭಾಷಣವೂ ಅದರ ಹೆಸರೆತ್ತದೆ ಮುಗಿಯುವುದಿಲ್ಲ. ಹಳಗನ್ನಡದ ಮಹಾಕಾವ್ಯಗಳಿಗೆ ಹದಿನೆಂಟು ವರ್ಣನೆಗಳು ಇರಬೇಕೆಂಬ ಸಂಪ್ರದಾಯದಲ್ಲಿ ಸಮುದ್ರ, ಪರ್ವತ, ಸೂರ್ಯೋದಯಗಳ ಜೊತೆಗೆ ಮಧುಪಾನ, ಜಲಕ್ರೀಡೆ, ಸುರತ (ಗಂಡುಹೆಣ್ಣಿನ ಕೂಟ) ಇವೂ ಸೇರಿದ್ದವು. ಇದನ್ನು ಹೇಳಿ ಈಗಿನ ಧಾರಾವಾಹಿಗಳಿಗೆ ಮಹಾಕಾವ್ಯದ ಪಟ್ಟ ಕಟ್ಟಲು ನಾನು ಹೊರಟಿಲ್ಲ. ಬಹುಪಾಲು ಧಾರಾವಾಹಿಗಳ ಭಾಷೆ ಸಪ್ಪೆ, ಸಂಗತಿ ಹಳಸಲು. ಹೇಳಬೇಕಾದ ಮಾತು ಬೇರೆ. 1209ರಲ್ಲಿ ಜನ್ನ ಬರೆದು ಮುಗಿಸಿದ ಯಶೋಧರ ಚರಿತೆಯನ್ನು ನಾನು ತರಗತಿಗಳಲ್ಲಿ ಪಾಠ ಮಾಡಿದ್ದೇನೆ. ರಾಣಿ ಅಮೃತಮತಿ ಅಷ್ಟಾವಂಕನೆಂಬ ಕುರೂಪಿ ಮಾವುತನ ಹಾಡಿಗೆ ಮನಸೋತು ನಡುರಾತ್ರಿ ಅವನಲ್ಲಿಗೆ ಹೋಗುತ್ತಾಳೆ. ತಡವಾಯಿತೆಂದು ಅವನು ಅವಳನ್ನು ಮನಬಂದಂತೆ ಹೊಡೆಯುತ್ತಾನೆ, ಅವಳು ಅವನನ್ನೇ ಬೇಡಿಕೊಳ್ಳುತ್ತಾಳೆ, ಹಿಂದೆಯೇ ಬಂದ ಗಂಡ ಮರೆಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಾನೆ. ಪ್ರೇಮ, ಕಾಮ, ಹಿಂಸೆ ಮೂರೂ ಒಂದೇ ಕಡೆ ಹೆಣೆದುಕೊಂಡ ಈ ಭಾಗವನ್ನು ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಏಕೆಂದರೆ ಜನ್ನ ಆ ಹೊಡೆತವನ್ನು ಒಲವಿನ ಗುರುತೆಂದು ನಮಗೆ ಮಾರುವುದಿಲ್ಲ. ನಮ್ಮ ಬೇಳೆ ಮಿಲ್ಲಿನ ಹುಡುಗಿ ಮೆಚ್ಚಿದ ಕಥೆಯಲ್ಲಿ ಕಾಣೆಯಾಗಿರುವುದು ಈ ಸಂಕಟವೇ.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದೆ ಹೋಗಿದೆ. 1964ರ ರಂಜಿತ್ ಉದೇಶಿ ಪ್ರಕರಣದಲ್ಲಿ ಇಂಗ್ಲಿಷ್ ಲೇಖಕ ಡಿ.ಎಚ್. ಲಾರೆನ್ಸನ ಕಾದಂಬರಿ ಮಾರಿದ ಮುಂಬಯಿಯ ಪುಸ್ತಕ ವ್ಯಾಪಾರಿಗೆ ಶಿಕ್ಷೆಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟು, ಸುಲಭವಾಗಿ ಕೆಡಬಲ್ಲ ಮನಸ್ಸನ್ನು ಬರಹ ಕೆಡಿಸುತ್ತದೆಯೇ ಎಂದು ನೋಡುವ ವಿಕ್ಟೋರಿಯಾ ರಾಣಿಯ ಕಾಲದ ಹಿಕ್ಲಿನ್ ಪರೀಕ್ಷೆಯನ್ನು ಅನುಸರಿಸಿತ್ತು. 1985ರಲ್ಲಿ ಬಂಗಾಳಿ ಲೇಖಕ ಸಮರೇಶ್ ಬಸು ಅವರ ಪ್ರಕರಣದಲ್ಲಿ, ಒರಟು ಭಾಷೆಯೆಲ್ಲ ಅಶ್ಲೀಲವಾಗುವುದಿಲ್ಲವೆಂದು ಅದೇ ಕೋರ್ಟು ವಿವೇಚಿಸಿತು. 2014ರ ಅವೀಕ್ ಸರ್ಕಾರ್ ತೀರ್ಪಿನಲ್ಲಿ ಹಿಕ್ಲಿನ್ ಪರೀಕ್ಷೆಯನ್ನು ಬದಿಗಿರಿಸಿ, ಕೃತಿಯನ್ನು ಇಡಿಯಾಗಿ, ಇಂದಿನ ಸಮಾಜದ ಮಾನದಂಡದಿಂದ ನೋಡಬೇಕೆಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಮು ಅಶ್ಲೀಲ ಪುಸ್ತಕಗಳ ಮಾರಾಟವನ್ನು ಅಪರಾಧವೆನ್ನುತ್ತಲೇ, ಸಾಹಿತ್ಯ, ಕಲೆ, ವಿಜ್ಞಾನಗಳ ಹಿತಕ್ಕಾಗಿ ಸಮರ್ಥಿಸಬಹುದಾದ ಕೃತಿಗಳನ್ನು ಹೊರಗಿಡುತ್ತದೆ. ಮಕ್ಕಳಿಗೆ ಅಂಥದ್ದನ್ನು ಕೊಡುವುದಕ್ಕೆ 295ನೇ ಕಲಮಿನಲ್ಲಿ ಹೆಚ್ಚಿನ ಶಿಕ್ಷೆಯಿದೆ. ಒಂದು ಪುಟದ ಜೆರಾಕ್ಸ್ ತೆಗೆಸಿ, ಅದರ ನಾಲ್ಕು ಸಾಲಿಗೆ ಕೆಂಪು ಗೆರೆ ಎಳೆದು ಅರ್ಜಿಗೆ ಲಗತ್ತಿಸಿದ ಮಾತ್ರಕ್ಕೆ ಇಡೀ ಕಾದಂಬರಿ ಅಶ್ಲೀಲವಾಗುವುದಿಲ್ಲ ಎಂದು ಇದರಿಂದ ತಿಳಿಯಬಹುದು. ಹಾಗೆಯೇ, ಅದೇ ಸಂಹಿತೆಯ 63ನೇ ಕಲಮಿನ ವಿನಾಯಿತಿಯೊಂದು, ಹೆಂಡತಿಗೆ 18 ತುಂಬಿದ್ದರೆ ಗಂಡನ ಬಲವಂತವನ್ನು ಇಂದಿಗೂ ಅತ್ಯಾಚಾರವೆಂದು ಎಣಿಸುವುದಿಲ್ಲ ಎಂಬುದನ್ನೂ ಗಮನಿಸಬೇಕು. ಕಾನೂನೇ ಬಾಯಿಬಿಡದ ಜಾಗದಲ್ಲಿ, ಗಂಡನಾದವನು ಕೇಳಬೇಕು, ಹೆಂಡತಿಯಾದವಳು ಬೇಡ ಎನ್ನಬಹುದು ಎಂದು ಒಬ್ಬ ಓದುಗಳಿಗೆ ಮೊದಲ ಸಲ ತೋರಿಸಿಕೊಡುವುದು ಒಂದು ಪ್ರಣಯ ಕಥೆಯೇ ಆಗಿರಬಹುದು.

ಇನ್ನು ಪಾಲಕರ ಆತಂಕದ ನಿಜವಾದ ಅರ್ಧಕ್ಕೆ ಬರುತ್ತೇನೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಎಷ್ಟೋ ಊರುಗಳಲ್ಲಿ ಒಂದೇ ಕೋಣೆಯವು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಶಾಲೆಯ ಮಕ್ಕಳು ಅಲ್ಲಿಗೆ ಸದಸ್ಯರಾಗಿ ಬರುತ್ತಿದ್ದಾರೆ, ಬರಬೇಕು. ಮಕ್ಕಳ ಚಿತ್ರಪುಸ್ತಕದ ಪಕ್ಕದಲ್ಲಿಯೇ ವಯಸ್ಕರ ಪ್ರಣಯ ಕಾದಂಬರಿ ಇರಬಾರದು ಎಂಬುದರಲ್ಲಿ ನನಗೆ ಯಾವ ಭಿನ್ನಾಭಿಪ್ರಾಯವೂ ಇಲ್ಲ. ಸಿನಿಮಾಕ್ಕೆ ವಯಸ್ಸಿನ ಪ್ರಮಾಣಪತ್ರವಿದೆ. 2021ರ ನಿಯಮಗಳಿಂದ ಓಟಿಟಿ ಸರಣಿಗಳಿಗೂ ವಯಸ್ಸಿನ ವರ್ಗೀಕರಣ ಬಂದಿದೆ. ಪುಸ್ತಕದ ಮೇಲೆ ಮಾತ್ರ ಏನೂ ಬರೆದಿರುವುದಿಲ್ಲ. ಗುಲಾಬಿ ಹೂವಿನ ಮುಖಪುಟ ನೋಡಿ ಒಬ್ಬ ತಾಯಿ ಒಂಬತ್ತನೆಯ ತರಗತಿಯ ಮಗಳಿಗೆ ಅದನ್ನು ಕೊಡಿಸಿ, ಮನೆಗೆ ಬಂದು ತೆರೆದು ನೋಡಿ ಗಾಬರಿಯಾದರೆ ತಪ್ಪು ಆ ತಾಯಿಯದಲ್ಲ. ಗ್ರಂಥಾಲಯದ ಮೇಲ್ವಿಚಾರಕರ ಪಾಡೂ ಕಷ್ಟದ್ದೇ. ಯಾರು ಯಾವಾಗ ಬಂದು ಗಲಾಟೆ ಮಾಡುತ್ತಾರೋ ಎಂದು ಅಂಜಿ, ಅವರು ಹೊಸ ಪುಸ್ತಕಗಳನ್ನೂ ಬೀರುವಿನೊಳಗೆ ಇಟ್ಟು ಬೀಗ ಹಾಕಿಬಿಡುತ್ತಾರೆ.

ಆದರೆ ಕಪಾಟು ಖಾಲಿ ಮಾಡುವುದರಿಂದ ಆ ಒಂಬತ್ತನೆಯ ತರಗತಿಯ ಹುಡುಗಿಗೆ ರಕ್ಷಣೆ ಸಿಗುತ್ತದೆಯೇ? ಅವಳ ಕೈಗೆ ಅಣ್ಣನ ಮೊಬೈಲು ಸಿಗುತ್ತದೆ, ಅದರಲ್ಲಿ ಕಥೆಗಿಂತ ಕೆಟ್ಟದ್ದು ಬೇಕಾದಷ್ಟಿದೆ. ಶಾಲೆಯಲ್ಲಿ ಮೈಯ ಬಗ್ಗೆ ಹೇಳಿಕೊಡುವವರಿಲ್ಲ; 2007ರಲ್ಲಿ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮವನ್ನು ಬೇಡವೆಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಶೇ. 21ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ನಮ್ಮ ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಇಂಥ ಮದುವೆಗಳು ಗುಟ್ಟಿನ ಸಂಗತಿಯೇನಲ್ಲ. ಓದುವ ವಯಸ್ಸು ಬಂದಿಲ್ಲವೆಂದು ಪುಸ್ತಕ ಕಿತ್ತುಕೊಳ್ಳುವ ಕೈಯೇ ಸಂಸಾರದ ವಯಸ್ಸು ಬಂತೆಂದು ಅರಿಶಿನ ಹಚ್ಚುವುದನ್ನು ನಾನು ಕಂಡಿದ್ದೇನೆ. ಆದ್ದರಿಂದ ಮಕ್ಕಳಿಗಾಗಿ ಮೈ ಮನಸ್ಸುಗಳ ಬಗ್ಗೆ ವೈದ್ಯರು ಬರೆದ ಸರಳ ಪುಸ್ತಕಗಳನ್ನು ಪ್ರತಿ ಪಂಚಾಯಿತಿ ಗ್ರಂಥಾಲಯಕ್ಕೂ ಮೊದಲು ಒದಗಿಸಿ ಎಂದು ಕೇಳಿಕೊಳ್ಳುತ್ತೇನೆ.

ವಯಸ್ಕರ ಪ್ರಣಯ ಕಾದಂಬರಿಗಳಿಗೆ ಸಂಬಂಧಿಸಿ ನನ್ನ ಬೇಡಿಕೆ ದೊಡ್ಡದಲ್ಲ. ಬಾಗಿಲು ತೆರೆದಿಟ್ಟು ಬರೆದ ಪುಸ್ತಕದ ಮೇಲೆ 18 ವರ್ಷ ದಾಟಿದವರಿಗೆ ಎಂಬ ಮುದ್ರೆಯಿರಲಿ. ಅದಕ್ಕಿಂತ ಮುಖ್ಯವಾಗಿ ಕಥೆಯಲ್ಲಿ ಬಲವಂತ, ಹೊಡೆತ, ಅಪ್ರಾಪ್ತರ ಮದುವೆ ಇದ್ದರೆ ಅದನ್ನು ಒಳಪುಟದಲ್ಲಿ ಒಂದು ಸಾಲಿನಲ್ಲಿ ಹೇಳಬೇಕು. ಮೂರು ಚುಕ್ಕಿಯ ಕಾದಂಬರಿಗೂ ಈ ಸಾಲು ಕಡ್ಡಾಯವಾಗಬೇಕು, ಇಲ್ಲದಿದ್ದರೆ ಈ ಕೆಲಸಕ್ಕೆ ಅರ್ಥವಿಲ್ಲ. ಇಂಥ ಪುಸ್ತಕಗಳು ವಯಸ್ಕರ ವಿಭಾಗದಲ್ಲಿ, ಕೈಗೆ ಎಟುಕುವ ಕಪಾಟಿನಲ್ಲಿ ಇರಲಿ. ಮೇಲ್ವಿಚಾರಕರ ಬಳಿ ಹೋಗಿ ಹೆಸರು ಹೇಳಿ ಕೇಳಿದರೆ ಮಾತ್ರ ಕೊಡುವ ಪದ್ಧತಿ ಬೇಡ. ಸುತ್ತ ನಾಲ್ಕು ಗಂಡಸರು ಪೇಪರ್ ಓದುತ್ತ ಕುಳಿತಿರುವ ಕೋಣೆಯಲ್ಲಿ ಯಾವ ಹೆಣ್ಣುಮಗಳೂ ಹಾಗೆ ಕೇಳುವುದಿಲ್ಲ, ನಿಷೇಧಕ್ಕೂ ಅದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಆಸ್ತಿ ತೆರಿಗೆಯ ಮೇಲಿನ ಶೇ. 6ರ ಗ್ರಂಥಾಲಯ ಕರವನ್ನು ಅವಳ ಮನೆಯವರೂ ಕಟ್ಟುತ್ತಾರೆ.

ಆಯ್ಕೆ ಸಮಿತಿಯ ಬಗೆಗೂ ಒಂದು ಮಾತು. ಜನಪ್ರಿಯ ಕಾದಂಬರಿಯನ್ನು ವಿದ್ವಾಂಸರು ಓದದೆಯೇ ತಳ್ಳಿಹಾಕುವುದು ನಮ್ಮಲ್ಲಿ ಹಳೆಯ ಚಾಳಿ. ಕಾಲೇಜಿನಲ್ಲಿ ಇಷ್ಟು ವರ್ಷ ಕಳೆದ ನನಗೆ ಅದು ಚೆನ್ನಾಗಿ ಗೊತ್ತು. ಓದದವರ ಕೈಯಲ್ಲಿ ಆಯ್ಕೆ ಇದ್ದಾಗ ಹಾಳೆ ತಿರುವಿ ಸಿಕ್ಕ ಹಸಿಬಿಸಿ ಸಾಲೇ ತೀರ್ಮಾನದ ಸಾಲಾಗುತ್ತದೆ. ಈ ಪ್ರಕಾರವನ್ನು ನಿಜವಾಗಿ ಓದುವ ಹೆಣ್ಣುಮಕ್ಕಳಲ್ಲಿ ಒಬ್ಬಿಬ್ಬರಿಗಾದರೂ, ಅವರಿಗೆ ಪದವಿ ಇಲ್ಲದಿದ್ದರೂ ಸರಿಯೇ, ಅಭಿಪ್ರಾಯ ಬರೆದುಕೊಡಲು ಅವಕಾಶವಿರಬೇಕು. ಮುಲಾಮಿನ ಮಾತನ್ನಾಡಿದ ಹಿರಿಯಾಕೆ ಏಳನೆಯ ತರಗತಿಯವರೆಗೆ ಮಾತ್ರ ಓದಿದವರು.

ಅಡ್ಡಹೆಸರಿನಲ್ಲಿ ಬರೆಯುವ ಲೇಖಕಿಯರಲ್ಲಿ ನಮ್ಮ ಕಡೆಯವರೂ ಇದ್ದಾರೆ. ಮಕ್ಕಳು ಮಲಗಿದ ಮೇಲೆ ಮೊಬೈಲಿನಲ್ಲಿಯೇ ಹೆಬ್ಬೆರಳಿನಿಂದ ಬರೆಯುವ ಅವರಲ್ಲಿ ಒಬ್ಬರು, ನಾಯಕನಿಂದ ಹೊಡೆಸಿದ ಕಂತಿಗೆ ಬರುವಷ್ಟು ಮೆಚ್ಚುಗೆ ನಾಯಕ ಕ್ಷಮೆ ಕೇಳಿದ ಕಂತಿಗೆ ಬರುವುದಿಲ್ಲವೆಂದು ನನಗೆ ಹೇಳಿದ್ದಾರೆ. ಆ್ಯಪಿನ ಲೆಕ್ಕಾಚಾರ ಅವರನ್ನು ಒಂದು ಕಡೆಗೆ ಎಳೆಯುತ್ತದೆ. ಕೇಳಿ ಪಡೆಯುವ ಒಲವನ್ನು ಬಿಚ್ಚುಮನಸ್ಸಿನಿಂದ ಬರೆದರೆ ಕೊಳ್ಳುವವರಿದ್ದಾರೆ ಎಂಬ ಭರವಸೆ ಸಿಕ್ಕರೆ ಅವರು ಇನ್ನೊಂದು ಕಡೆಗೆ ನಡೆದಾರು. ಆ ಭರವಸೆಯನ್ನು ಕೊಡುವ ಶಕ್ತಿ ಸದ್ಯಕ್ಕೆ 300 ಪ್ರತಿ ಕೊಳ್ಳುವ ತಮಗಿದೆ.

ಆದಕಾರಣ, ಮುಂದಿನ ಸಗಟು ಖರೀದಿಗೆ ಪ್ರಕಟಣೆ ಹೊರಡಿಸುವಾಗ ಪ್ರಕಾಶಕರು ತುಂಬುವ ಅರ್ಜಿ ನಮೂನೆಯಲ್ಲಿ ಓದುಗರ ವಯಸ್ಸಿಗೆ ಮತ್ತು ಕಥೆಯಲ್ಲಿನ ಬಲವಂತದ ಸಂಗತಿಗಳಿಗೆ ಒಂದೊಂದು ಕಾಲಮು ಸೇರಿಸಬೇಕೆಂದೂ, ಪ್ರಣಯ ಕಾದಂಬರಿಗಳನ್ನು ತೆಗೆಯಬೇಕೆಂದು ಯಾವುದೇ ಮನವಿ ಬಂದಾಗ ಪುಸ್ತಕವನ್ನು ಇಡಿಯಾಗಿ ಓದಿದವರ ಲಿಖಿತ ವರದಿಯಿಲ್ಲದೆ ತೀರ್ಮಾನ ಕೈಗೊಳ್ಳಬಾರದೆಂದೂ ಕೋರುತ್ತೇನೆ. ಇಲಾಖೆ ಕರೆದರೆ ನಮ್ಮ ಭಾನುವಾರದ ಗುಂಪಿನವರು ತಾವು ಓದಿದ ಪುಸ್ತಕಗಳ ಮೇಲೆ ಬರೆದ ಟಿಪ್ಪಣಿಗಳೊಂದಿಗೆ ಬರಲು ಸಿದ್ಧರಿದ್ದಾರೆ. ಮಿಲ್ಲಿಗೆ ಹೋಗುವವರು ಇರುವುದರಿಂದ ಸಭೆಯನ್ನು ರಜೆಯ ದಿನ ಇಟ್ಟುಕೊಂಡರೆ ಅನುಕೂಲ.

ತಮ್ಮ ವಿಶ್ವಾಸದ,
ನಿವೃತ್ತ ಕನ್ನಡ ಅಧ್ಯಾಪಕಿ,
ಕಲಬುರಗಿ